ಶೋಲ್ಡರ್ ಬಂಪ್: ರೈಫಲ್ ಕೇಸ್ ರೀಸೈಜ್ ಮಾಡುವಾಗ ಲೆಕ್ಕ ತಪ್ಪುವುದು ಎಲ್ಲಿ?

ರೈಫಲ್‌ನಲ್ಲಿ ಒಮ್ಮೆ ಹಾರಿಸಿದ ಹಿತ್ತಾಳೆ ಕೇಸನ್ನು (ಕಾಡತೂಸಿನ ಖಾಲಿ ಕೋಶವನ್ನು) ಮತ್ತೆ ಬಳಸಬೇಕೆಂದರೆ ಅದನ್ನು ಪ್ರೆಸ್ಸಿಗೆ ಹಾಕಿ ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಿ ಮತ್ತೆ ರೈಫಲ್‌ಗೆ ಹೊಂದುವ ಅಳತೆಗೆ ತರಬೇಕು. ಇದೇ ರೀಸೈಜ್. ಹಾಗೆ ಒತ್ತುವಾಗ ಕೇಸಿನ ಭುಜ, ಅಂದರೆ ಶೋಲ್ಡರ್, ಬುಡದ ಕಡೆಗೆ ಎಷ್ಟು ಸರಿಯುತ್ತದೋ ಅದೇ ಶೋಲ್ಡರ್ ಬಂಪ್. ಇದನ್ನು ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಲೇಥ್ ಮೇಲೆ ಕೆಲಸ ಮಾಡುವವರು ಅದನ್ನೇ 'ಥೌ' ಎನ್ನುವುದು. ಕಾಡತೂಸನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಕೈಯಿಂದಲೇ ಎಳೆದು ಮುಚ್ಚುವ ಬೋಲ್ಟ್ ರೈಫಲ್‌ಗೆ 1ರಿಂದ 2 ಥೌ, ಸೆಮಿ-ಆಟೋಮ್ಯಾಟಿಕ್‌ಗೆ 3ರಿಂದ 4 ಥೌ ಬಂಪ್ ಸಾಕು. ರೀಸೈಜಿಂಗ್‌ನಲ್ಲಿ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದೆರಡು ಥೌ ಆಚೀಚೆ ಆಗುವುದರಿಂದಲೇ ಬರುತ್ತವೆ. ಬಿಗಿಯುವ ಬೋಲ್ಟ್, ಬೇಗ ಸೀಳುವ ಕೇಸ್, ಒಂದೇ ಸೆಟ್ಟಿಂಗ್‌ನಲ್ಲಿ ಹತ್ತು ಬಗೆಯ ಅಳತೆ, ಎಲ್ಲವೂ ಇದರ ಸುತ್ತಲೇ ಇವೆ.

ಹಳೆಯ ಕೇಸಿಗೆ ಮತ್ತೆ ಮದ್ದು-ಗುಂಡು ತುಂಬುವ ಈ ರೀಲೋಡಿಂಗ್ ಮುಖ್ಯವಾಗಿ ಅಮೆರಿಕದ ಹವ್ಯಾಸ. ಅಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರಲು ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕೇ ಬೇಕು. ಹಾಗಾಗಿ ಇಲ್ಲಿರುವ ವಿವರ ಅಮೆರಿಕದಲ್ಲಿ ನೆಲೆಸಿ ರೇಂಜ್‌ಗೆ ಹೋಗುವ ಕನ್ನಡಿಗರಿಗೆ, ಮತ್ತು ಈ ಲೋಹದ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯುವ ಆಸೆ ಇರುವವರಿಗೆ.

ಉದಾಹರಣೆಗೆ .308 ವಿಂಚೆಸ್ಟರ್ ತೆಗೆದುಕೊಳ್ಳೋಣ. 1952ರಲ್ಲಿ ಬಂದ, ಇಂದಿಗೂ ಎಲ್ಲೆಡೆ ಸಿಗುವ ಕಾಡತೂಸು ಇದು. ಇದರ ಕೇಸ್ ಬಾಟಲಿಯ ಆಕಾರದ್ದು: ದಪ್ಪ ಮೈ, 20 ಡಿಗ್ರಿ ಇಳಿಜಾರಿನ ಶೋಲ್ಡರ್, ಮೇಲೆ ಸಣ್ಣ ನೆಕ್. ಚೇಂಬರ್ (ಬ್ಯಾರೆಲಿನ ಹಿಂಬದಿಯಲ್ಲಿ ಕಾಡತೂಸು ಕೂರುವ ಗೂಡು) ಒಳಗೆ ಮುಂದಕ್ಕೆ ಜಾರದಂತೆ ಕೇಸನ್ನು ತಡೆಯುವುದು ಈ ಶೋಲ್ಡರ್. ಬೋಲ್ಟಿನ ಮುಖದಿಂದ ಚೇಂಬರಿನ ಶೋಲ್ಡರ್ ಮೇಲೆ ವ್ಯಾಸ ಸರಿಯಾಗಿ 0.400 ಇಂಚು ಇರುವ ಜಾಗದವರೆಗಿನ ದೂರವೇ ಹೆಡ್‌ಸ್ಪೇಸ್. ಅಮೆರಿಕದ ಮಾನಕ ಸಂಸ್ಥೆ ಸಾಮಿ ಪ್ರಕಾರ .308 ಚೇಂಬರಿನಲ್ಲಿ ಇದು 1.630ರಿಂದ 1.640 ಇಂಚು, ಕಾಡತೂಸಿನಲ್ಲಿ 1.627ರಿಂದ 1.634. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉದ್ದದ ಚೇಂಬರಿಗೆ ಗಿಡ್ಡ ಕಾಡತೂಸು ಸಿಕ್ಕರೆ 13 ಥೌ ಖಾಲಿ ಜಾಗ ಉಳಿಯುತ್ತದೆ. ಮೊದಲ ಬಾರಿ ಹಾರಿಸಿದಾಗ ಕೇಸ್ ಹಿಗ್ಗಿ ಆ ಜಾಗವನ್ನು ತುಂಬುತ್ತದೆ. ಆಮೇಲೆ ಆ ಕೇಸ್ ನಿಮ್ಮ ಚೇಂಬರಿನ ಅಚ್ಚು. ಅದನ್ನು ಮತ್ತೆ ಕಾರ್ಖಾನೆಯ ಅಳತೆಗೆ ಕುಗ್ಗಿಸಬೇಕಾದ ಅಗತ್ಯವಿಲ್ಲ. ಬೋಲ್ಟ್ ಸಲೀಸಾಗಿ ಮುಚ್ಚುವಷ್ಟು ಸರಿಸಿದರೆ ಆಯಿತು.

ಹೆಚ್ಚು ಸರಿಸಿದರೆ ಏನಾಗುತ್ತದೆ? ಫೈರಿಂಗ್ ಪಿನ್ ಬಡಿದಾಗ ಕೇಸ್ ಮುಂದಕ್ಕೆ ಸರಿಯುತ್ತದೆ. ಒತ್ತಡ ಏರಿದ ಕೂಡಲೇ ಕೇಸಿನ ತೆಳುವಾದ ಮುಂಭಾಗ ಚೇಂಬರಿನ ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬುಡ ದಪ್ಪ, ಅದು ಅಂಟುವುದಿಲ್ಲ, ಹಿಂದಕ್ಕೆ ಬಂದು ಬೋಲ್ಟಿಗೆ ತಾಗುತ್ತದೆ. ನಡುವಿನ ಗೋಡೆ ಎಳೆದು ತೆಳ್ಳಗಾಗುತ್ತದೆ. ಪ್ರತಿ ಸಲ ಹೆಚ್ಚು ಬಂಪ್, ಪ್ರತಿ ಸಲ ಎಳೆತ. ಕೆಲವೇ ಸುತ್ತುಗಳಲ್ಲಿ ಬುಡದಿಂದ ಸುಮಾರು ಮೂರು-ನಾಲ್ಕು ಸೂತು (ಒಂದು ಸೂತು ಇಂಚಿನ ಎಂಟನೇ ಒಂದು ಭಾಗ) ಮೇಲೆ ಹೊಳೆಯುವ ಬಳೆಯಂಥ ಗೆರೆ ಮೂಡುತ್ತದೆ, ನಂತರ ಕೇಸ್ ಅಲ್ಲೇ ಎರಡು ತುಂಡಾಗುತ್ತದೆ. ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಸಣ್ಣ ಕೊಕ್ಕೆಯಂತೆ ಬಾಗಿಸಿ, ಚೂಪು ಮಾಡಿ, ಕೇಸ್ ಒಳಗೆ ಬುಡದಿಂದ ಮೇಲಕ್ಕೆ ಗೋಡೆಗೆ ಒತ್ತಿ ಎಳೆಯಿರಿ. ಕೊಕ್ಕೆ ಹಳ್ಳಕ್ಕೆ ಬಿದ್ದಂತೆ ಎಲ್ಲಾದರೂ ಸಿಕ್ಕಿದರೆ ಆ ಕೇಸನ್ನು ಇಕ್ಕಳದಿಂದ ಜಜ್ಜಿ ಗುಜರಿಗೆ ಹಾಕಿ. ಮೋಹ ಬೇಡ. ಅದೇ ಗುಂಪಿನಲ್ಲಿ ಅಷ್ಟೇ ಸಲ ಹಾರಿಸಿದ ಉಳಿದ ಕೇಸುಗಳನ್ನೂ ಒಂದೊಂದಾಗಿ ಹೀಗೆಯೇ ಪರೀಕ್ಷಿಸಬೇಕು.

ಡೈ ಜೊತೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ರ್‍ಯಾಮ್ ಮೇಲೆತ್ತಿ, ಡೈ ಶೆಲ್‌ಹೋಲ್ಡರಿಗೆ ತಾಗುವವರೆಗೆ ತಿರುಗಿಸಿ, ಆಮೇಲೆ ಇನ್ನೂ ಸ್ವಲ್ಪ ತಿರುಗಿಸಿ. ಎಲ್ಲ ರೈಫಲ್‌ಗೂ ಹೊಂದಲಿ ಎಂದು ಬರೆದ ಮಾತು ಇದು. (ರ್‍ಯಾಮ್ ಎಂದರೆ ಕೇಸನ್ನು ಡೈಯೊಳಗೆ ಒತ್ತುವ ಪ್ರೆಸ್ಸಿನ ಕಂಬ, ಶೆಲ್‌ಹೋಲ್ಡರ್ ಎಂದರೆ ಅದರ ತುದಿಯಲ್ಲಿ ಕೇಸಿನ ಬುಡ ಹಿಡಿಯುವ ತುಂಡು.) ಹಾಗೆ ಮಾಡಿದರೆ ಬೋಲ್ಟ್ ಮುಚ್ಚುತ್ತದೆ ನಿಜ, ಆದರೆ 6–8 ಥೌ ಬಂಪ್ ಆಗಿರುವುದು ಗೊತ್ತೇ ಆಗುವುದಿಲ್ಲ. ಅಳೆಯದೆ ಡೈ ಕೂರಿಸಬಾರದು ಎನ್ನುವುದು ಇದಕ್ಕೇ.

ಅಳೆಯಲು ಡಿಜಿಟಲ್ ಕ್ಯಾಲಿಪರ್ ಮತ್ತು ಅದರ ದವಡೆಗೆ ಕೂರಿಸುವ ಹೆಡ್‌ಸ್ಪೇಸ್ ಕಂಪ್ಯಾರೇಟರ್ ಬೇಕು. .308ಕ್ಕೆ 0.400 ಇಂಚಿನ ತೂತಿನ ಬುಷಿಂಗ್, .223 ರೆಮಿಂಗ್ಟನ್‌ಗೆ 0.330, .30-06ಕ್ಕೆ 0.375. ಬುಷಿಂಗಿನ ಅಂಚು ಕೊಂಚ ಉರುಟಾಗಿರುವುದರಿಂದ ಅದು ತೋರಿಸುವ ಅಂಕಿಯನ್ನು ಸಾಮಿ ಅಂಕಿಯೊಂದಿಗೆ ಹೋಲಿಸಬೇಡಿ. ನಿಮ್ಮ ಹಾರಿಸಿದ ಕೇಸಿಗೂ ರೀಸೈಜ್ ಆದ ಕೇಸಿಗೂ ಇರುವ ವ್ಯತ್ಯಾಸ ಮಾತ್ರ ಲೆಕ್ಕಕ್ಕೆ. ಇನ್ನೊಂದು ವಿಷಯ: ಹಳೆಯ ಪ್ರೈಮರ್ (ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹಚ್ಚುವ ಸಣ್ಣ ಬಟ್ಟಲು) ತೆಗೆದೇ ಅಳೆಯಿರಿ. ಅದು ಬುಡದಿಂದ ಒಂದು ಥೌ ಹೊರಗೆ ಚಾಚಿದ್ದರೂ ಅಳತೆ ಅಷ್ಟೇ ಸುಳ್ಳಾಗುತ್ತದೆ. ಇದಕ್ಕೆ ಕೇಸಿನ ಮೈ ತಾಗದೆ ಪ್ರೈಮರ್ ಮಾತ್ರ ಹೊರತಳ್ಳುವ ಯೂನಿವರ್ಸಲ್ ಡಿಕ್ಯಾಪಿಂಗ್ ಡೈ ಸಿಗುತ್ತದೆ. ಒಂದೇ ಸಲ ಹಾರಿಸಿದ ಕೇಸ್ ಕೆಲವೊಮ್ಮೆ ಚೇಂಬರನ್ನು ಪೂರ್ತಿ ತುಂಬಿರುವುದಿಲ್ಲ, ಎರಡು-ಮೂರು ಸಲ ಹಾರಿಸಿದ ಕೇಸಿನ ಅಳತೆ ಹೆಚ್ಚು ನಂಬಿಕೆಗೆ ಅರ್ಹ.

ಒಂದೇ ಕಂಪನಿಯ, ಒಂದೇ ಗುಂಪಿನ ಐದು ಕೇಸ್ ಅಳೆದಾಗ 1.632 ಬಂತು ಎಂದಿಟ್ಟುಕೊಳ್ಳಿ. ಡೈಯನ್ನು ಶೆಲ್‌ಹೋಲ್ಡರಿಗೆ ತಾಗಿಸಿ, ನಂತರ ಕಾಲು ಸುತ್ತು ಮೇಲಕ್ಕೆ ತಿರುಗಿಸಿ, ಎಣ್ಣೆ ಸವರಿದ ಕೇಸನ್ನು ಒತ್ತಿ ಅಳೆಯಿರಿ. ಈಗ 1.634 ತೋರಿಸಬಹುದು. ಒತ್ತಿದ ಮೇಲೆ ಕೇಸ್ ಉದ್ದವಾಗುವುದೆಂದರೇನು ಎಂದು ಹೊಸಬರು ಗಾಬರಿಯಾಗಿ ಕ್ಯಾಲಿಪರನ್ನು ಅನುಮಾನಿಸುವುದು ಇಲ್ಲೇ. ಕ್ಯಾಲಿಪರ್ ಸರಿಯಾಗಿಯೇ ಇದೆ. ಡೈ ಮೊದಲು ಹಿಡಿಯುವುದು ಕೇಸಿನ ಮೈಯನ್ನು. ಶೋಲ್ಡರ್ ಇನ್ನೂ ಡೈಗೆ ತಾಗಿಲ್ಲ. ಮೈ ಹಿಂಡಿದಾಗ ಹಿತ್ತಾಳೆಗೆ ಹೋಗಲು ಇರುವುದು ಮೇಲಿನ ದಾರಿ ಒಂದೇ, ಹಾಗಾಗಿ ಶೋಲ್ಡರ್ ಮುಂದಕ್ಕೆ ಸರಿಯುತ್ತದೆ. ಒತ್ತುವ ಮೊದಲು ಸರಾಗವಾಗಿ ಹೋಗುತ್ತಿದ್ದ ಕೇಸ್ ಒತ್ತಿದ ಮೇಲೆ ಬೋಲ್ಟನ್ನು ಬಿಗಿಯುತ್ತದೆ. 'ಅರ್ಧ ರೀಸೈಜ್' ಮಾಡಿದರೆ ಹಿತ್ತಾಳೆ ಬಾಳಿಕೆ ಬರುತ್ತದೆ ಎಂದು ಡೈಯನ್ನು ಮೇಲೆಯೇ ನಿಲ್ಲಿಸುವವರು ಸಿಕ್ಕಿಬೀಳುವ ಬಲೆ ಇದು.

ಇಲ್ಲಿಂದ ಕೆಳಗೆ ಇಳಿಸುತ್ತ ಹೋಗಬೇಕು. ಡೈಗಳ ಮರೆ, ಅಂದರೆ ಹೊರಮೈಯ ತಿರುಪಿನ ಗೆರೆ, 7/8 ಇಂಚು ವ್ಯಾಸದ್ದು, ಇಂಚಿಗೆ 14 ಸುತ್ತು. ಅಂದರೆ ಒಂದು ಪೂರ್ತಿ ಸುತ್ತಿಗೆ 71 ಥೌ ಇಳಿಯುತ್ತದೆ, 5 ಡಿಗ್ರಿಗೆ ಒಂದು ಥೌ. ಗಡಿಯಾರದ ಮುಖದಲ್ಲಿ ಒಂದು ನಿಮಿಷದ ಗೆರೆಯಿಂದ ಇನ್ನೊಂದಕ್ಕೆ 6 ಡಿಗ್ರಿ, ಆ ಅಂದಾಜು ಇಟ್ಟುಕೊಂಡರೆ ಕೈ ತಪ್ಪುವುದಿಲ್ಲ. ಡೈ ಮೇಲೂ ಪ್ರೆಸ್ ಮೇಲೂ ಮಾರ್ಕರಿನಿಂದ ಗೆರೆ ಹಾಕಿ ಶುರು ಮಾಡಿ. ಮೊದಲು ಹತ್ತು ಹತ್ತು ಡಿಗ್ರಿ, ಅಳತೆ ಇಳಿಯಲು ಶುರುವಾದ ಮೇಲೆ ಐದೈದು. 1.634, 1.633, ಆಮೇಲೆ 1.631 ಅಥವಾ 1.630 ಬಂದಾಗ ನಿಲ್ಲಿಸಿ. ಲಾಕ್ ರಿಂಗ್ ಬಿಗಿಯುವಾಗ ಕೇಸ್ ಡೈ ಒಳಗೇ ಇರಲಿ, ರ್‍ಯಾಮ್ ಮೇಲೆಯೇ ಇರಲಿ. ಆಗ ಡೈ ತಾನಾಗಿ ನಡುವಿಗೆ ಕೂರುತ್ತದೆ.

ಕೊನೆಯ ತೀರ್ಪು ಕ್ಯಾಲಿಪರಿನದಲ್ಲ, ರೈಫಲ್‌ನದು. ಬೋಲ್ಟಿನಿಂದ ಫೈರಿಂಗ್ ಪಿನ್ ಜೋಡಣೆ ಮತ್ತು ಇಜೆಕ್ಟರ್ ಎರಡನ್ನೂ ಬಿಚ್ಚಿಡಿ. ಪ್ರೈಮರ್ ಇಲ್ಲದ ಖಾಲಿ ಕೇಸ್ ಹಾಕಿ ಬೋಲ್ಟ್ ಮುಚ್ಚಿ. ಹಿಡಿ ತನ್ನ ಭಾರಕ್ಕೆ ತಾನೇ ಇಳಿದರೆ ಬಂಪ್ ಸಾಕಾಗಿದೆ. ಅರ್ಧಕ್ಕೆ ನಿಂತರೆ ಇನ್ನೊಂದು ಥೌ ಬೇಕು. ಈ ಪರೀಕ್ಷೆಯನ್ನು ಮದ್ದು ತುಂಬಿದ ಕಾಡತೂಸಿನಿಂದ ಮನೆಯೊಳಗೆ ಎಂದಿಗೂ ಮಾಡಬೇಡಿ.

ಬಂಪ್ ಸರಿಯಿದ್ದೂ ಬೋಲ್ಟ್ ಬಿಗಿದರೆ ಎಲ್ಲಿ ತಾಗುತ್ತಿದೆ ಎಂದು ನೋಡಬೇಕು. ಕೇಸಿಗೆ ಕಪ್ಪು ಮಾರ್ಕರ್ ಪೂರ್ತಿ ಬಳಿದು, ಚೇಂಬರಿಗೆ ಹಾಕಿ, ಬೋಲ್ಟ್ ಮುಚ್ಚಿ, ತೆಗೆಯಿರಿ. ಮಸಿ ಅಳಿಸಿದ ಜಾಗವೇ ಉತ್ತರ. ಶೋಲ್ಡರ್ ಮೇಲೆ ಅಳಿಸಿದ್ದರೆ ಮೇಲೆ ಹೇಳಿದ್ದೇ ಕಥೆ. ಶೋಲ್ಡರ್ ಮತ್ತು ಮೈ ಕೂಡುವ ಮೂಲೆಯಲ್ಲಿ ಅಳಿಸಿದ್ದರೆ, ಗುಂಡು ಕೂರಿಸುವ ಡೈ ಕ್ರಿಂಪ್ ಮಾಡುವ (ಕೇಸಿನ ಬಾಯಿಯನ್ನು ಗುಂಡಿನ ಮೇಲೆ ಒತ್ತುವ) ಭರದಲ್ಲಿ ಶೋಲ್ಡರನ್ನು ಉಬ್ಬಿಸಿರಬಹುದು. ನೆಕ್ಕಿನ ತುದಿಯಲ್ಲಿ ಅಳಿಸಿದ್ದರೆ ಕೇಸ್ ಉದ್ದವಾಗಿದೆ. .308ರ ಗರಿಷ್ಠ ಉದ್ದ 2.015 ಇಂಚು, ಕತ್ತರಿಸುವುದು 2.005ಕ್ಕೆ. ರೀಸೈಜ್ ಮಾಡಿದಾಗ ಕೇಸ್ ಬೆಳೆಯುತ್ತದೆ, ಹಾಗಾಗಿ ಟ್ರಿಮ್ ಮಾಡುವುದು ಯಾವಾಗಲೂ ರೀಸೈಜ್ ಆದ ಮೇಲೆ. ಇದನ್ನು ಉಪೇಕ್ಷಿಸುವಂತಿಲ್ಲ. ಉದ್ದದ ನೆಕ್ ಚೇಂಬರಿನ ಕೊನೆಗೆ ಒತ್ತಿ ಗುಂಡನ್ನು ಹಿಡಿದುಕೊಂಡರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಬುಡದ ಹತ್ತಿರ ಅಳಿಸಿದ್ದರೆ ಆ ಕೇಸ್ ಬೇರೆಯವರ ಸಡಿಲ ಚೇಂಬರಿನಲ್ಲಿ ಹಾರಿದ್ದಿರಬೇಕು. ರೇಂಜ್‌ನಲ್ಲಿ ಹೆಕ್ಕಿದ, .308ರ ಮಿಲಿಟರಿ ರೂಪವಾದ 7.62 ನೇಟೋ ಕೇಸುಗಳಲ್ಲಿ ಇದು ಸಾಮಾನ್ಯ. ಅಂಥವಕ್ಕೆ ಬುಡವನ್ನು ಇನ್ನಷ್ಟು ಹಿಂಡುವ ಸ್ಮಾಲ್ ಬೇಸ್ ಡೈ ಒಮ್ಮೆ ಬಳಸಬೇಕಾಗುತ್ತದೆ.

ಡೈ ಶೆಲ್‌ಹೋಲ್ಡರಿಗೆ ತಾಗಿದೆ, ಆದರೂ ಶೋಲ್ಡರ್ ಹಿಂದೆ ಸರಿಯುತ್ತಿಲ್ಲ ಎಂಬ ದೂರೂ ಇದೆ. ಖಾಲಿ ಪ್ರೆಸ್ಸಿನಲ್ಲಿ ತಾಗುವುದು ಬೇರೆ, ಕೇಸ್ ಒಳಗಿದ್ದಾಗ ತಾಗುವುದು ಬೇರೆ. ಭಾರ ಬಿದ್ದಾಗ ಪ್ರೆಸ್ಸಿನ ಚೌಕಟ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಕೇಸ್ ಪೂರ್ತಿ ಮೇಲೇರಿದಾಗ ಡೈ ಮತ್ತು ಶೆಲ್‌ಹೋಲ್ಡರ್ ನಡುವೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಬೆಳಕಿನ ಗೆರೆ ಕಂಡರೆ ಅಷ್ಟು ಸಂದು ಉಳಿದಿದೆ ಎಂದರ್ಥ. ಗಡಸು ಹಿತ್ತಾಳೆಗೆ ಸಂದು ಹೆಚ್ಚು, ಮೆದುವಿಗೆ ಕಡಿಮೆ. ಒಂದೇ ಸೆಟ್ಟಿಂಗ್‌ನಲ್ಲಿ ಅಳತೆ ಬದಲಾಗುವುದಕ್ಕೆ ಇದೇ ದೊಡ್ಡ ಕಾರಣ. ಸಂದು ಮುಚ್ಚುವಂತೆ ಡೈಯನ್ನು ಇನ್ನೂ ಕೊಂಚ ಇಳಿಸಿ, ಹಿಡಿಕೆ ಕೊನೆಯಲ್ಲಿ ತುಸು ಬಿಗಿಯಾಗಿ ದಾಟುವಂತಿರಲಿ. ಆಗ ಬಂಪ್ ಅತಿಯಾದರೆ, 2ರಿಂದ 10 ಥೌವರೆಗೆ ಎರಡೆರಡು ಥೌ ಅಂತರದಲ್ಲಿ ಎತ್ತರ ಹೆಚ್ಚಿರುವ ರೆಡಿಂಗ್ ಕಾಂಪಿಟಿಷನ್ ಶೆಲ್‌ಹೋಲ್ಡರ್‌ಗಳಿವೆ. ಡೈ ಪ್ರತಿ ಸಲ ಲೋಹಕ್ಕೆ ಲೋಹ ತಾಗುತ್ತದೆ, ಪ್ರೆಸ್ಸಿನ ಹಿಗ್ಗುವಿಕೆಯ ಕಾಟ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಸ್ಥಿರ ಅಳತೆ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಸಿಗುವುದು ಕಷ್ಟ.

ಎಣ್ಣೆಯ ವಿಷಯದಲ್ಲಿ ಕಡಿಮೆಯೂ ತಪ್ಪು, ಹೆಚ್ಚೂ ತಪ್ಪು. ಹೆಚ್ಚಾದ ಲ್ಯೂಬ್ ಹೋಗಲು ಜಾಗವಿಲ್ಲದೆ ಶೋಲ್ಡರ್ ಮೇಲೆ ಗುಳಿ ಬೀಳಿಸುತ್ತದೆ. ಡೈಯ ಪಕ್ಕದ ಗಾಳಿತೂತು ಕಟ್ಟಿಕೊಂಡಿದ್ದರೂ ಹೀಗೇ. ಬೆರಳ ತುದಿಯಲ್ಲಿ ವ್ಯಾಕ್ಸ್ ತೆಗೆದುಕೊಂಡು ಮೈಗೆ ತೆಳ್ಳಗೆ ಸವರಿ, ಬುಡದ ಕಡೆ ಮರೆಯಬೇಡಿ, ಶೋಲ್ಡರಿಗೆ ಬೇಡ. ಒತ್ತುವಾಗ ನಡುವೆ ಅಸಹಜವಾಗಿ ಬಿಗಿಯಾದರೆ ಅಲ್ಲೇ ನಿಲ್ಲಿಸಿ ಹೊರತೆಗೆದು ಮತ್ತೆ ಲ್ಯೂಬ್ ಹಚ್ಚಿ. ಬಲ ಹಾಕಿದರೆ ಕೇಸ್ ಡೈಯಲ್ಲೇ ಕಚ್ಚಿಕೊಂಡು, ಎಳೆದಾಗ ರಿಮ್ ಮಾತ್ರ ಕಿತ್ತು ಬರುತ್ತದೆ. ಆಗ ಡಿಕ್ಯಾಪಿಂಗ್ ಕಡ್ಡಿಯನ್ನು ಆದಷ್ಟು ಮೇಲಕ್ಕೆ ಎತ್ತಿ, ಪ್ರೈಮರ್ ಗುಂಡಿಯ ನಡುವೆ 7ನೇ ನಂಬರ್ ಡ್ರಿಲ್‌ನಿಂದ ತೂತು ಕೊರೆದು, 1/4-20 ಟ್ಯಾಪ್‌ನಿಂದ ಮರೆ ಕೊರೆದು, ಬುಡದ ಸುತ್ತ ಬಟ್ಟಲಿನಂಥ ಸ್ಪೇಸರ್ ಇಟ್ಟು, ಆ ಮರೆಗೆ ತಿರುಪಿನ ಬೋಲ್ಟ್ ಹಾಕಿ ಬಿಗಿಯುತ್ತ ಕೇಸನ್ನು ಹೊರಗೆಳೆಯಬೇಕು. ಹಾರದ ಪ್ರೈಮರ್ ಅದರಲ್ಲಿದ್ದರೆ ಡ್ರಿಲ್ ಹತ್ತಿರವೂ ತರಬಾರದು.

ರ್‍ಯಾಮ್ ಇಳಿಸುವಾಗ ಕೀರಲು ಸದ್ದು ಬಂದರೆ ಅದು ಎಕ್ಸ್‌ಪ್ಯಾಂಡರ್ ಬಾಲ್, ಅಂದರೆ ಡೈಯೊಳಗಿನ ಕಡ್ಡಿಯಲ್ಲಿ ನೆಕ್ಕನ್ನು ಒಳಗಿನಿಂದ ಹಿಗ್ಗಿಸುವ ಉಬ್ಬು. ಒಣ ನೆಕ್ಕಿನ ಒಳಗಿಂದ ಹೊರಬರುವಾಗ ಅದು ನೆಕ್ಕನ್ನೂ ಜೊತೆಗೆ ಎಳೆಯುತ್ತದೆ. ಈಗಷ್ಟೇ ಹಿಂದಕ್ಕೆ ಸರಿಸಿದ ಶೋಲ್ಡರ್ ಮತ್ತೆ ಮುಂದಕ್ಕೆ ಬರುತ್ತದೆ, ಒಂದೊಂದು ಕೇಸಿನಲ್ಲಿ ಒಂದೊಂದು ಪ್ರಮಾಣದಲ್ಲಿ. ಎಕ್ಸ್‌ಪ್ಯಾಂಡರ್ ಕಡ್ಡಿ ಬಿಚ್ಚಿ ನಾಲ್ಕಾರು ಕೇಸ್ ಒತ್ತಿ ಅಳೆಯಿರಿ. ಅಳತೆ ಒಂದೇ ಆದರೆ ಕಳ್ಳ ಸಿಕ್ಕಿದ. ನೆಕ್ಕಿನ ಒಳಗೆ ಬ್ರಶ್ಶಿನಿಂದ ಒಣ ಗ್ರಾಫೈಟ್ ಅಥವಾ ಅಭ್ರಕದ ಪುಡಿ ಹಚ್ಚಿದರೆ ಬಹುಪಾಲು ಪರಿಹಾರ. ಇಲ್ಲದಿದ್ದರೆ ಬಾಲ್ ಬಿಟ್ಟು, ಬೇರೆ ಹಂತದಲ್ಲಿ ಮೇಲಿನಿಂದ ಮ್ಯಾಂಡ್ರಲ್ ಎಂಬ ನಯವಾದ ಕಡ್ಡಿ ಇಳಿಸಿ ನೆಕ್ ಹಿಗ್ಗಿಸುವುದು ಮೇಲು.

ಇಷ್ಟೆಲ್ಲ ಸರಿಮಾಡಿದ ಮೇಲೂ ಅಳತೆ ಎರಡು-ಮೂರು ಥೌ ಆಚೀಚೆ ಹೋದರೆ ದೋಷ ಹಿತ್ತಾಳೆಯಲ್ಲಿದೆ. ಕೇಸಿನ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಹಾರಿಸಿದಾಗ ಹಿಗ್ಗಿ, ಡೈಯಲ್ಲಿ ಕುಗ್ಗಿ, ಪ್ರತಿ ಸುತ್ತಿಗೂ ಅದು ಗಡಸಾಗುತ್ತದೆ. ಗಡಸು ಹಿತ್ತಾಳೆ ಡೈಯಿಂದ ಹೊರಬಂದ ಕೂಡಲೇ ಹಿಂದಿನ ಅಳತೆಯತ್ತ ಪುಟಿಯುತ್ತದೆ. ಎರಡು ಸಲ ಹಾರಿಸಿದ್ದನ್ನೂ ಎಂಟು ಸಲ ಹಾರಿಸಿದ್ದನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿದರೆ ಅಳತೆ ಕೂಡುವುದೇ ಇಲ್ಲ. ಗುಂಪು ಬೇರೆ ಮಾಡಿ, ಡಬ್ಬಿ ಮೇಲೆ ಎಷ್ಟು ಸಲ ಎಂದು ಬರೆಯಿರಿ. ರ್‍ಯಾಮ್ ಮೇಲಿದ್ದಾಗ ನಾಲ್ಕೈದು ಸೆಕೆಂಡ್ ತಡೆದು ಹಿಡಿದರೂ ಪುಟಿತ ಸ್ವಲ್ಪ ತಗ್ಗುತ್ತದೆ. ಪೂರ್ಣ ಪರಿಹಾರ ಅನೀಲಿಂಗ್: ನೆಕ್ ಮತ್ತು ಶೋಲ್ಡರನ್ನು ಮಾತ್ರ ಕೆಲವು ಸೆಕೆಂಡ್ ಕಾಯಿಸಿ ಮೆದು ಮಾಡುವುದು. ಬುಡಕ್ಕೆ ಬಿಸಿ ತಾಗಕೂಡದು, ಪೂರ್ತಿ ಒತ್ತಡ ತಡೆಯುವುದು ಆ ಗಡಸು ಬುಡವೇ. ಬುಡ ಮೆದುವಾದ ಕೇಸನ್ನು ಸರಿಪಡಿಸುವ ದಾರಿ ಇಲ್ಲ, ಎಸೆಯಬೇಕು. ಅನೀಲ್ ಆದ ಕೇಸ್ ಕಡಿಮೆ ಪುಟಿಯುವುದರಿಂದ ಹಳೆಯ ಸೆಟ್ಟಿಂಗ್‌ನಲ್ಲೇ ಒತ್ತಿದರೆ ಬಂಪ್ ಒಂದೆರಡು ಥೌ ಹೆಚ್ಚಾಗುತ್ತದೆ. ಅನೀಲಿಂಗ್ ಮುಗಿದ ಮೇಲೆ ಮೊದಲ ಎರಡು-ಮೂರು ಕೇಸ್ ಒತ್ತಿ, ಅಳೆದು, ಡೈಯನ್ನು ಅಷ್ಟು ಡಿಗ್ರಿ ಮೇಲಕ್ಕೆ ತಿರುಗಿಸಿಕೊಂಡೇ ಉಳಿದವನ್ನು ಮುಂದುವರಿಸಿ.