ದಿನಕ್ಕೊಂದು ಮಾತು ತಿದ್ದಿ

‘ಇನ್ಮೇಲೆ ಮನೇಲಿ ಕೂಗಾಡಲ್ಲ ಅಂತ ನಿರ್ಧಾರ ಮಾಡಿದ್ದೀನಿ ಮೇಡಂ.’ ಮುಂಬೈ ಬಳಿಯ ಡೊಂಬಿವಲಿಯಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನಾನು ಈ ಮಾತು ಕೇಳದ ವಾರವಿಲ್ಲ. ಹೇಳುವವರ ಮನಸ್ಸು ಸುಳ್ಳಲ್ಲ. ಆದರೆ ದಾದರ್‌ನಲ್ಲಿ ಸಂಜೆಯ ಫಾಸ್ಟ್ ಲೋಕಲ್ ಹತ್ತಿ, ಕಾಲೂರಲು ಜಾಗವಿಲ್ಲದೆ ನಿಂತು ಬರುವವರ ನಿರ್ಧಾರ ಘಾಟ್ಕೋಪರ್ ದಾಟುವಷ್ಟರಲ್ಲೇ ಕರಗಿರುತ್ತದೆ. ಬಾಗಿಲು ತೆಗೆದ ಮಗಳ ಕೈಯಲ್ಲಿ ಮೊಬೈಲ್ ಕಂಡರೆ ಸಾಕು, ಬೆಳಗಿನಿಂದ ಗಂಟಲಲ್ಲಿದ್ದದ್ದೆಲ್ಲ ಹೊರಗೆ.

ನಿರ್ಧಾರ ಮಾಡಿದ ಮಾತ್ರಕ್ಕೆ ನಾಲಿಗೆ ಬದಲಾಗುವುದನ್ನು ನಾನು ಕಂಡಿಲ್ಲ. ಆಡಿಬಿಟ್ಟ ಮಾತನ್ನು ಅದೇ ರಾತ್ರಿ ಕೂತು ತಿದ್ದುವವರು ಮಾತ್ರ ನಿಧಾನಕ್ಕೆ ಬದಲಾಗುತ್ತಾರೆ. ಒಂದು ದಿನಕ್ಕೆ ಒಂದೇ ಮಾತು.

ತಿದ್ದುವ ಕ್ರಮ ನನ್ನದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ 1960ರ ದಶಕದಲ್ಲಿ ಕಟ್ಟತೊಡಗಿದ ‘ಅಹಿಂಸಾತ್ಮಕ ಸಂವಹನ’ದ್ದು. 1943ರಲ್ಲಿ ಡೆಟ್ರಾಯಿಟ್‌ನಲ್ಲಿ ಜನಾಂಗೀಯ ಗಲಭೆ ನಡೆದಾಗ ಅವರು ಅದೇ ಊರಿನಲ್ಲಿದ್ದ ಹುಡುಗ. ‘ಅಹಿಂಸೆ’ ಎಂಬುದನ್ನು ಅವರು ಗಾಂಧೀಜಿಯಿಂದ ತೆಗೆದುಕೊಂಡರು. ಗಾಂಧೀಜಿಯಾದರೋ 1930ರಲ್ಲಿ ಇಲ್ಲೇ, ಪುಣೆಯ ಯರವಡಾ ಜೈಲಿನಿಂದ ವಾರವಾರವೂ ಆಶ್ರಮಕ್ಕೆ ಪತ್ರ ಬರೆಯುತ್ತಿದ್ದರು. ಅಹಿಂಸೆಯ ಬಗ್ಗೆ ಬರೆದ ಪತ್ರದಲ್ಲಿ ಸುಳ್ಳು, ದ್ವೇಷದ ಜೊತೆಗೆ ದುಡುಕನ್ನೂ ಹಿಂಸೆಯ ಪಟ್ಟಿಗೆ ಸೇರಿಸಿದ್ದಾರೆ. ಮುಂಬೈ ಕಡೆಯ ಮನೆಗಳಲ್ಲಿ ನಾನು ನೋಡುವ ಜಗಳಗಳಲ್ಲಿ ದ್ವೇಷ ಕಡಿಮೆ, ದುಡುಕೇ ಜಾಸ್ತಿ.

ಕ್ರಮದಲ್ಲಿ ನಾಲ್ಕು ಸಾಲು: ಕಂಡದ್ದೇನು, ಅನಿಸಿದ್ದೇನು, ಬೇಕಾಗಿದ್ದದ್ದೇನು, ಈಗ ಕೇಳುವುದೇನು. ಓದಲು ಸುಲಭ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಎಲ್ಲರೂ ಎಡವುತ್ತಾರೆ.

ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಕೆಲಸ ಮುಗಿಸಿ ಮನೆಗೆ ಬಂದವರು ಮಗಳಿಗೆ ಅಂದದ್ದು ಇದು: ‘ನಿಂಗೆ ಮನೆ ಅಂದ್ರೆ ಲಾಡ್ಜ್ ಆಗ್ಬಿಟ್ಟಿದೆ. ಯಾವಾಗ ನೋಡಿದ್ರೂ ಫೋನು. ನಿನ್ನ ವಯಸ್ಸಲ್ಲಿ ನಾನು ಬಾವಿಯಿಂದ ನೀರು ಸೇದ್ತಿದ್ದೆ.’ (ಬಾವಿ ಬಂತೆಂದರೆ ಜಗಳ ಮುಗಿಯುವ ಲಕ್ಷಣವಿಲ್ಲ ಎಂದರ್ಥ.) ಮೊದಲ ಸಾಲಿಗೆ ಅವರು ಬರೆದದ್ದು, ‘ಮಗಳು ಬೇಜವಾಬ್ದಾರಿಯಿಂದ ಕೂತಿದ್ದಳು.’ ಅಡುಗೆಮನೆಯಲ್ಲಿ ಕ್ಯಾಮೆರಾ ಇದ್ದಿದ್ದರೆ ಅದರಲ್ಲಿ ಬೇಜವಾಬ್ದಾರಿ ಕಾಣುತ್ತಿತ್ತಾ ಎಂದು ಕೇಳಿದೆ. ನಕ್ಕರು. ಹೊಡೆದು ಹಾಕಿ ಮತ್ತೆ ಬರೆದರು: ‘ನಾನು ಏಳೂಮುಕ್ಕಾಲಿಗೆ ಬಂದಾಗ ಕುಕ್ಕರ್ ಇಟ್ಟಿರಲಿಲ್ಲ. ಬೆಳಗಿನ ಪಾತ್ರೆ ಸಿಂಕ್‌ನಲ್ಲೇ ಇತ್ತು.’ ಇದನ್ನು ಮಗಳೂ ಅಲ್ಲಗಳೆಯುವಂತಿಲ್ಲ. ‘ಯಾವಾಗ ನೋಡಿದ್ರೂ’ ಅಂದಾಗ ಅವಳು ಕಳೆದ ಭಾನುವಾರ ಪಾತ್ರೆ ತೊಳೆದ ಲೆಕ್ಕ ತೆಗೆಯುತ್ತಾಳೆ, ಅಲ್ವಾ?

ಎರಡನೆಯ ಸಾಲು: ‘ನನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ ಅನಿಸಿತು.’ ಇದು ಭಾವನೆಯ ಹಾಗೆ ಕಂಡರೂ ಇನ್ನೊಬ್ಬರ ಮೇಲಿನ ದೂರು. ಸರಿ, ಹಾಗಾದರೆ ‘ಬೇಜಾರು’ ಎಂದರು. ಯಾವ ಬೇಜಾರು? ಅವಮಾನವಾ, ಭಯವಾ, ಸುಸ್ತಾ? ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸುಸ್ತು. ಆಮೇಲೆ ಒಂಟಿ ಅನ್ನಿಸ್ತು’ ಎಂದರು. ಇಷ್ಟು ಬಿಡಿಸಿ ಹೇಳುವುದರಿಂದ ಉಪಯೋಗವುಂಟು. ಕ್ಯಾಲಿಫೋರ್ನಿಯಾದ ಸಂಶೋಧಕ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಸಿಟ್ಟು, ಹೆದರಿಕೆ ತುಂಬಿದ ಮುಖಗಳ ಚಿತ್ರ ತೋರಿಸಿ ಆ ಭಾವನೆಯ ಹೆಸರು ಹೇಳಿಸಿದಾಗ, ಮಿದುಳಿನಲ್ಲಿ ಅಪಾಯಕ್ಕೆ ತಕ್ಷಣ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತ್ತು.

ಬೇಕಾಗಿದ್ದದ್ದೇನು? ಯಾರೂ ಏನೂ ಕೇಳದ ಹತ್ತು ನಿಮಿಷ. ಮನೆಗೆಲಸದಲ್ಲಿ ಒಂದು ಕೈ. ಕೊನೆಯ ಸಾಲಿಗೆ ಮೊದಲು ‘ಇನ್ಮೇಲೆ ಜವಾಬ್ದಾರಿ ಕಲಿ’ ಎಂದು ಬಂತು. ಜವಾಬ್ದಾರಿಯನ್ನು ನಾಳೆ ಎಷ್ಟು ಗಂಟೆಗೆ ಕಲಿಯಬೇಕು? ತಿದ್ದಿದ್ದು ಹೀಗೆ: ‘ರೈಲು ಥಾಣೆ ದಾಟಿದಾಗ ಮೆಸೇಜ್ ಹಾಕ್ತೀನಿ. ಕುಕ್ಕರ್ ಇಡ್ತೀಯಾ?’

ಮಗಳು ಒಪ್ಪಿದಳು, ಆದರೆ ‘ಬುಧವಾರ, ಶುಕ್ರವಾರ ಕ್ಲಾಸ್ ಇರತ್ತೆ, ಆಗಲ್ಲ’ ಎಂದಳು. ತಾಯಿಗೆ ಮತ್ತೆ ಸಿಟ್ಟು! ಅಸಲಿ ಪರೀಕ್ಷೆ ಇರುವುದು ಇಲ್ಲೇ. ‘ಆಗಲ್ಲ’ ಎಂಬ ಉತ್ತರಕ್ಕೆ ಸಿಟ್ಟು ಬಂದರೆ ನಾವು ಕೇಳಿಕೊಂಡಿರಲಿಲ್ಲ, ಮೆಲುದನಿಯಲ್ಲಿ ಅಪ್ಪಣೆ ಕೊಟ್ಟಿದ್ದೆವು. ರೋಸೆನ್‌ಬರ್ಗ್ ಈ ವ್ಯತ್ಯಾಸಕ್ಕೆ ತುಂಬ ಬೆಲೆ ಕೊಡುತ್ತಿದ್ದರು. ನನಗೂ ಇಡೀ ಕ್ರಮದಲ್ಲಿ ಇದೇ ಮುಖ್ಯವೆನಿಸುತ್ತದೆ.

ಗಂಡಸರಿಗೆ ಎರಡನೆಯ ಸಾಲು ಇನ್ನೂ ಕಷ್ಟ. ಕುಂದಾಪುರ ಕಡೆಯವರೊಬ್ಬರು ಹೋಟೆಲ್ ನಡೆಸುತ್ತಾರೆ. ರಾತ್ರಿ ಗಲ್ಲಾ ಎಣಿಸಿ ಮುಗಿದ ಮೇಲೆ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಾರೆ. ಮಧ್ಯಾಹ್ನದ ರಶ್ಶಿನಲ್ಲಿ ಗ್ಲಾಸಿನ ಟ್ರೇ ಬೀಳಿಸಿದ ಹುಡುಗನಿಗೆ ‘ಕಣ್ ಕಾಂತಿಲ್ಯಾ ನಿಂಗೆ?’ ಎಂದು ಗಿರಾಕಿಗಳ ಎದುರೇ ಗದರಿಸಿದ್ದರು. ಅನಿಸಿದ್ದೇನು ಎಂಬ ಜಾಗ ವಾರಗಟ್ಟಲೆ ಖಾಲಿ ಬಿಟ್ಟರು. ಕೊನೆಗೆ ಒಂದೇ ಪದ ಬರೆದರು, ‘ಹೆದರಿಕೆ’. ಆ ಹುಡುಗ ಕೆಲಸ ಬಿಟ್ಟರೆ ಬೇರೆಯವನು ಸಿಗುವುದಿಲ್ಲ ಎಂಬ ಹೆದರಿಕೆ. ಬಿಟ್ಟುಹೋದಾನು ಎಂದು ಹೆದರಿ ಅವನನ್ನೇ ಬೈಯುವುದು!

ಬರೆಯುವವರಿಗೆ ಕೆಲವು ಕಿವಿಮಾತು. ಸಣ್ಣ ಜಗಳ ಆರಿಸಿಕೊಳ್ಳಿ. ಅಣ್ಣತಮ್ಮಂದಿರ ಆಸ್ತಿ ವಿಷಯದಿಂದ ಶುರು ಮಾಡಬೇಡಿ. ಕೈಬರಹವಾದರೆ ಒಳ್ಳೆಯದು, ಫೋನಿನಲ್ಲಿ ಬರೆದರೆ ಬೆರಳು ತಾನಾಗಿ ವಾಟ್ಸಾಪ್‌ಗೆ ಹೋಗುತ್ತದೆ. ಹತ್ತು ನಿಮಿಷ ಸಾಕು. ನಿಮ್ಮ ನಾಲ್ಕು ಸಾಲು ಮುಗಿದ ಮೇಲಷ್ಟೇ ಎದುರಿನವರಿಗೆ ಏನು ಬೇಕಿತ್ತು ಎಂದು ಊಹಿಸಿ. ನಮ್ಮ ಹೆಂಗಸರು ಇದನ್ನು ಉಲ್ಟಾ ಮಾಡುತ್ತಾರೆ. ‘ಪಾಪ, ಅವರಿಗೂ ಆಫೀಸಲ್ಲಿ ಟೆನ್ಷನ್’ ಎಂದು ಶುರು ಮಾಡಿ, ತಮ್ಮ ಪಾಲಿನ ಸಾಲುಗಳನ್ನು ಬರೆಯುವುದೇ ಇಲ್ಲ.

ಈ ಭಾಷೆ ಕಲಿತು ಚುಚ್ಚುವವರೂ ಇದ್ದಾರೆ. ‘ನೀನು ಸ್ವಾರ್ಥಿ ಅನ್ನೋದು ನನ್ನ ಭಾವನೆ, ಭಾವನೆ ಹೇಳ್ಕೊಳ್ಳೋದು ತಪ್ಪಾ?’ ಇದು ಹಳೆಯ ಬೈಗುಳವೇ.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಈ ನಾಲ್ಕು ಸಾಲು ಬರೆಯುವ ಪುಸ್ತಕ ಪಕ್ಕಕ್ಕಿಡಿ. ಏಟು ತಿನ್ನುವವರಿಗೆ ‘ಮಾತು ತಿದ್ದಿಕೋ’ ಎನ್ನುವುದು ಅನ್ಯಾಯ. ಅದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ. ಮೊದಲು ಸುರಕ್ಷತೆ, ಸಂವಾದ ಆಮೇಲೆ.

ಉಳಿದವರಿಗೆ, ಶುರುವಿನಲ್ಲಿ ತಪ್ಪು ಗೊತ್ತಾಗುವುದು ರಾತ್ರಿಯೇ. ಬರೆಯುತ್ತ ಹೋದ ಹಾಗೆ ಅದು ಜಗಳ ಮುಗಿದ ಕೂಡಲೇ ಗೊತ್ತಾಗತೊಡಗುತ್ತದೆ, ಆಮೇಲೆ ಮಾತಿನ ನಡುವೆಯೇ. ಆಗ ಅರ್ಧಕ್ಕೆ ನಿಲ್ಲಿಸಿ, ‘ಇರು, ಇನ್ನೊಂದ್ಸಲ ಹೇಳ್ತೀನಿ’ ಅನ್ನಿ. ಮುಜುಗರವಾಗುತ್ತದೆ. ‘ಅಮ್ಮಂಗೆ ಮೇಡಂ ಹೋಮ್‌ವರ್ಕ್ ಕೊಟ್ಟಿದ್ದಾರೆ’ ಎಂದು ಮಕ್ಕಳು ಗೇಲಿ ಮಾಡಿದರೆ ಮಾಡಿಕೊಳ್ಳಲಿ. ‘ಹೌದು, ಕೊಟ್ಟಿದ್ದಾರೆ’ ಅಂದು ಮಾತು ಮುಂದುವರಿಸಿ.