ಐದು ಸಲ ರೀಸೆಟ್ ಮಾಡಿದ ಫೋನ್

"ಅಣ್ಣ, ಐದು ಸಲ ರೀಸೆಟ್ ಮಾಡಿದ್ದೇನೆ. ಆದರೂ ಅಪ್ಪನ ಸಿಮ್‌ನಿಂದ ಕಾಲ್ ಹೋಗುತ್ತಿಲ್ಲ."

ಸಿರುಗುಪ್ಪ ಕಡೆಯ ಹುಡುಗ, ಡಿಗ್ರಿ ಎರಡನೆಯ ವರ್ಷ. ಜೊತೆಗೆ ಬಂದಿದ್ದ ತಂದೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಫ್ಯಾನಿನ ಕೆಳಗಿನ ಸ್ಟೂಲ್ ಹಿಡಿದು ಕುಳಿತರು. "ರೂಟ್ ಮಾಡಿದ್ದೆಯಾ?" ಎಂದು ಕೇಳಿದೆ. ಹುಡುಗ ಒಮ್ಮೆ ತಂದೆಯ ಕಡೆ ನೋಡಿ ದನಿ ತಗ್ಗಿಸಿದ. "ಮಾಡಿದ್ದೆ. ಬೇರೆ ಸಾಫ್ಟ್‌ವೇರ್ ಕೂಡ ಹಾಕಿದ್ದೆ. ಈಗಿಲ್ಲ, ರೀಸೆಟ್‌ನಲ್ಲಿ ಎಲ್ಲ ಹೋಯಿತು."

ರೀಸೆಟ್‌ನಲ್ಲಿ ಹೋಯಿತು! ಬಳ್ಳಾರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು ಹದಿನೇಳು ವರ್ಷವಾಯಿತು. ನೀರಿನಲ್ಲಿ ಬಿದ್ದ ಫೋನ್, ಟ್ರ್ಯಾಕ್ಟರ್ ಹತ್ತಿದ ಫೋನ್, ಅಕ್ಕಿ ಡಬ್ಬಿಯಲ್ಲಿ ಮೂರು ದಿನ ಹೂತಿಟ್ಟ ಫೋನ್, ಯಾವುದಕ್ಕೂ ನಾನು ತಲೆ ಕೆಡಿಸಿಕೊಂಡವನಲ್ಲ. ಈ ಒಂದು ಮಾತು ಕೇಳಿದ ದಿನ ಮಾತ್ರ ಎರಡು ಚಹಾ ಹೆಚ್ಚು ಬೇಕಾಗುತ್ತದೆ.

ರೂಟ್ ಎಂದರೆ ಕಂಪನಿ ಮುಚ್ಚಿಟ್ಟ ಫೋನಿನ ಒಳಭಾಗದ ಮೇಲೆ ಪೂರ್ತಿ ಅಧಿಕಾರ ಪಡೆಯುವುದು. ಅದನ್ನು ಏಕೆ, ಹೇಗೆ ಮಾಡುತ್ತಾರೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮಾಡಿದವರಿಗೆ ಗೊತ್ತು, ಮಾಡದವರಿಗೆ ಬೇಕಿಲ್ಲ. ಮಾಡಿದ್ದು ತಪ್ಪು ಎಂದೂ ನಾನು ಹೇಳುವವನಲ್ಲ. ಈ ಕಸುಬನ್ನು ನಾನೂ ಹೀಗೆಯೇ ಫೋನ್ ಕೆಡಿಸಿಕೊಂಡೇ ಕಲಿತೆ. ನನ್ನ ತಕರಾರು ಇರುವುದು ಹಿಂದಿರುಗುವ ದಾರಿಯ ಬಗ್ಗೆ.

ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಹೊಲಿದ ಪ್ಯಾಂಟ್ ಗಂಟು ಕಟ್ಟಿಕೊಂಡು ವಾಷಿಂಗ್ ಘಟಕಕ್ಕೆ ಹೋಗುತ್ತದೆ. ಅಲ್ಲಿ ಗಂಜಿ ಬಿಡುತ್ತದೆ, ಬಣ್ಣ ತಿಳಿಯಾಗುತ್ತದೆ, ಬಟ್ಟೆ ಮೆತ್ತಗಾಗುತ್ತದೆ. ಆದರೆ ಟೈಲರ್ ಜೇಬನ್ನು ಓರೆಯಾಗಿ ಹೊಲಿದಿದ್ದರೆ ತೊಳೆದು ಬಂದ ಮೇಲೂ ಜೇಬು ಓರೆಯಾಗಿಯೇ ಇರುತ್ತದೆ. ಐದು ಸಲ ತೊಳೆದರೆ ಓರೆ ಜೇಬು ಐದು ಸಲ ಸ್ವಚ್ಛವಾಗುತ್ತದೆ. ಅದು ನೆಟ್ಟಗಾಗಬೇಕಾದರೆ ಹೊಲಿಗೆ ಬಿಚ್ಚಬೇಕು. ರೀಸೆಟ್ ಎಂದರೆ ವಾಷಿಂಗ್. ಮೂಲ ಸಾಫ್ಟ್‌ವೇರ್ ಮತ್ತೆ ಹಾಕುವುದು ಎಂದರೆ ಹೊಲಿಗೆ ಬಿಚ್ಚಿ ಹೊಸದಾಗಿ ಹೊಲಿಯುವುದು.

ಫೋನಿನ ಒಳಗಿನ ಜಾಗ ಒಂದೇ ದೊಡ್ಡ ಕೋಣೆಯಲ್ಲ, ಗೋಡೆ ಹಾಕಿದ ಹಲವು ಖಾನೆಗಳು. ಫೋನನ್ನು ಮೊದಲು ಎಬ್ಬಿಸುವ ಬೂಟ್‌ಲೋಡರ್‌ಗೆ ಒಂದು, ಅದರ ನಂತರ ಓಡುವ ಬೂಟ್ ಎಂಬ ಭಾಗಕ್ಕೆ ಒಂದು, ಆಂಡ್ರಾಯ್ಡ್ ಕೂರುವ ಸಿಸ್ಟಮ್‌ಗೆ ಒಂದು, ಟವರ್ ಜೊತೆ ಮಾತನಾಡುವ ಮೋಡೆಮ್‌ಗೆ ಒಂದು, ಪ್ರತಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಮತ್ತು ರೇಡಿಯೊ ಹೊಂದಾಣಿಕೆಯ ಲೆಕ್ಕಗಳಿರುವ ಚಿಕ್ಕ ಖಾನೆ ಇನ್ನೊಂದು. ಕೊನೆಗೆ ನಿಮ್ಮ ಫೋಟೋ, ಆ್ಯಪ್, ಸಂದೇಶಗಳು ತುಂಬಿರುವ ದೊಡ್ಡ ಖಾನೆ. ಫ್ಯಾಕ್ಟರಿ ರೀಸೆಟ್ ಗುಡಿಸುವುದು ಈ ಕೊನೆಯ ಖಾನೆಯನ್ನು. ಮಿಕ್ಕವುಗಳ ಬಾಗಿಲನ್ನೂ ಅದು ತಟ್ಟುವುದಿಲ್ಲ. ರೂಟ್ ಮಾಡುವವರು ಕೈ ಹಾಕುವುದು ಬೂಟ್ ಖಾನೆಗೆ. ಬೇರೆ ಸಾಫ್ಟ್‌ವೇರ್ ಹಾಕುವವರು ಸಿಸ್ಟಮ್ ಖಾನೆಯನ್ನೇ ಬದಲಿಸುತ್ತಾರೆ. ಕೊಳೆ ಅಡುಗೆಮನೆಯಲ್ಲಿರುವಾಗ ಪಡಸಾಲೆಯನ್ನು ಎಷ್ಟು ಸಲ ಗುಡಿಸಿದರೇನು?

ಮೋಸ ಹೋಗುವುದು ಎಲ್ಲಿ ಎಂದರೆ, ಮ್ಯಾಜಿಸ್ಕ್ ಎಂಬ ಆ್ಯಪ್ ಹಾಕಿ ರೂಟ್ ಮಾಡಿದವರು ರೀಸೆಟ್ ಒತ್ತಿದಾಗ ಅದರ ಐಕಾನ್ ಪರದೆಯಿಂದ ಮಾಯವಾಗುತ್ತದೆ. ಐಕಾನ್ ಇದ್ದದ್ದು ನಿಮ್ಮ ಖಾನೆಯಲ್ಲಿ, ಆದ್ದರಿಂದ ಹೋಯಿತು. ಬೂಟ್‌ನಲ್ಲಿ ಮಾಡಿದ ತಿದ್ದುಪಡಿ ಇದ್ದಲ್ಲೇ ಇದೆ. ಅಂಗಡಿಯ ಬೋರ್ಡ್ ಇಳಿಸಿದರೆ ಅಂಗಡಿ ಖಾಲಿಯಾದಂತಲ್ಲ. "ಫ್ಯಾಕ್ಟರಿ" ಎಂಬ ಹೆಸರೂ ಜನರ ದಾರಿ ತಪ್ಪಿಸುತ್ತದೆ. ಕಾರ್ಖಾನೆಯಿಂದ ಬಂದಾಗಿನ ಸಾಫ್ಟ್‌ವೇರ್‌ನ ಇನ್ನೊಂದು ಪ್ರತಿ ಫೋನಿನೊಳಗೆ ಎಲ್ಲೋ ಭದ್ರವಾಗಿದೆ, ಬಟನ್ ಒತ್ತಿದರೆ ಅದು ಎದ್ದು ಬರುತ್ತದೆ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅಂಥ ಪ್ರತಿ ಇರುವುದಿಲ್ಲ. ಅದನ್ನು ಹೊರಗಿನಿಂದ ತಂದು, ಕೇಬಲ್ ಚುಚ್ಚಿ, ಖಾನೆ ಖಾನೆಗೂ ಬರೆಯಬೇಕು.

ಬದಲಾಗಿದೆಯೋ ಇಲ್ಲವೋ ಎಂದು ತಿಳಿಯಲು ನನ್ನ ಬಳಿ ಬರಬೇಕಾಗಿಯೂ ಇಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿ. ಕಂಪನಿಯ ಹೆಸರು ಬರುವ ಹೊತ್ತಿಗೆ ಬೂಟ್‌ಲೋಡರ್ ತೆರೆದಿದೆ ಎಂಬ ಎಚ್ಚರಿಕೆ ಕಂಡರೆ, ಬೇರೆ ಸಾಫ್ಟ್‌ವೇರ್ ಒಳಗೆ ಬಾರದಂತೆ ತಡೆಯುವ ಬೀಗ ಇನ್ನೂ ತೆರೆದಿದೆ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಸಾಧನ ಪ್ರಮಾಣೀಕೃತವೇ ಅಲ್ಲವೇ ಎಂದೂ ಬರೆದಿರುತ್ತದೆ. ಈ ಎರಡು ಕಡೆ ನೋಡಿ, ಆಮೇಲೆ "ಎಲ್ಲ ಹೋಯಿತು" ಎನ್ನಿ.

ಇನ್ನು ಸಿಮ್ ವಿಷಯ. ಸಿಮ್ ಕಂಪನಿಯವರು ರೂಟ್ ಆದ ಫೋನಿನಲ್ಲಿ ಸಿಮ್ ಚಾಲೂ ಮಾಡುವುದಿಲ್ಲ ಎಂದು ಗಿರಾಕಿಗಳು ವಿಡಿಯೋ ನೋಡಿಕೊಂಡು ಬರುತ್ತಾರೆ. ಆ ಮಾತು ಹೆಚ್ಚಾಗಿ ಅಮೆರಿಕದ್ದು. ಅಲ್ಲಿ ಫೋನ್ ಮಾರುವವರೂ ಸೇವೆ ಕೊಡುವವರೂ ಬಹಳ ಕಡೆ ಒಬ್ಬರೇ. ಅಲ್ಲಿನ ಸಿಡಿಎಂಎ ಎಂಬ ಬೇರೆ ಬಗೆಯ ನೆಟ್‌ವರ್ಕ್‌ನ ಹಳೆಯ ಫೋನ್‌ಗಳಲ್ಲಿ ಸಿಮ್ಮೇ ಇರುತ್ತಿರಲಿಲ್ಲ; ನಂಬರನ್ನು ಫೋನಿನೊಳಗೇ ಬರೆಯಬೇಕಿತ್ತು, ಆ ಕೆಲಸಕ್ಕೆ ಕಂಪನಿಯ ಸ್ವಂತ ಸಾಫ್ಟ್‌ವೇರ್ ಬೇಕಿತ್ತು. ರೂಟ್ ತೆಗೆದು ಮೂಲಕ್ಕೆ ಮರಳಿಸಿ ಎಂಬ ಸಲಹೆ ಹುಟ್ಟಿದ್ದು ಅಲ್ಲಿ. ನಮ್ಮ ಟವರ್ ನಿಮ್ಮ ಫೋನ್ ರೂಟ್ ಆಗಿದೆಯೇ ಎಂದು ವಿಚಾರಿಸುವುದಿಲ್ಲ. ಅದು ಕೇಳುವುದು ಸಿಮ್ ಯಾವುದು, ಐಎಂಇಐ ಯಾವುದು ಎಂದು.

ಹಾಗಾದರೆ ಸಿರುಗುಪ್ಪದ ತಂದೆಯ ಕಾಲ್ ಏಕೆ ಹೋಗುತ್ತಿಲ್ಲ? ಹುಡುಗ ಆ ಫೋನನ್ನು ಒಂದು ವರ್ಷ ಬಳಸಿದ್ದಾನೆ, ಏನೂ ತೊಂದರೆಯಿರಲಿಲ್ಲ. ಅವನ ಸಿಮ್‌ಗೆ 2ಜಿಯೂ ಇತ್ತು. ಕಾಲ್ ಬಂದಾಗ ಫೋನ್ ಸದ್ದಿಲ್ಲದೆ 2ಜಿಗೆ ಇಳಿದು ಮಾತು ಮುಗಿಸಿ ಮತ್ತೆ ಮೇಲೇರುತ್ತಿತ್ತು. ತಂದೆಯದು 2ಜಿಯೇ ಇಲ್ಲದ ಕಂಪನಿಯ ಸಿಮ್. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಾಗಿನಿಂದ ನಮಗೆ ಪರಿಚಯವಾದ ವ್ಯವಸ್ಥೆ ಇದು: ಮಾತು ಕೂಡ 4ಜಿ ಇಂಟರ್‌ನೆಟ್ ಮೇಲೆಯೇ, ವೋಲ್ಟಿ ಮೂಲಕವೇ ಹೋಗಬೇಕು. ವೋಲ್ಟಿ ನಡೆಯಲು ಮೋಡೆಮ್, ಸಿಸ್ಟಮ್ ಮತ್ತು ಆ ಕಂಪನಿಗೆಂದು ಬರೆದ ಹೊಂದಿಕೆಗಳು ಒಂದಕ್ಕೊಂದು ಕೂಡಬೇಕು. ಹುಡುಗ ಹಾಕಿದ್ದ ಸಾಫ್ಟ್‌ವೇರ್‌ನಲ್ಲಿ ಆ ಕೊಂಡಿ ಇರಲಿಲ್ಲ. ನೆಟ್ ಬರುತ್ತದೆ, ವಿಡಿಯೋ ಓಡುತ್ತದೆ, ಕಾಲ್ ಒತ್ತಿದರೆ ಎರಡು ಸೆಕೆಂಡಿಗೆ ಕಡಿದು ಹೋಗುತ್ತದೆ. ತಂದೆ ಇದಕ್ಕಾಗಿ ಸಿಮ್ ಎರಡು ಸಲ ಬದಲಿಸಿದ್ದರು. ಪಾಪ, ಸಿಮ್ ಏನು ಮಾಡೀತು?

ಹಣ ಕಳಿಸುವ ಆ್ಯಪ್‌ಗಳ ಕಥೆ ಬೇರೆ. ಅವು ಸಿಮ್ ನಿಮ್ಮದೇ ಎಂದು ಖಾತರಿ ಮಾಡಿಕೊಳ್ಳಲು ಫೋನಿನಿಂದಲೇ ಒಂದು ಸಂದೇಶ ಕಳಿಸುತ್ತವೆ. ಜೊತೆಗೆ ಫೋನ್ ಮೂಲ ಸ್ಥಿತಿಯಲ್ಲಿದೆಯೇ ಎಂದು ಹಲವು ಆ್ಯಪ್‌ಗಳು ಪರೀಕ್ಷಿಸುತ್ತವೆ. ಅಲ್ಲಿ ಎಡವಿದರೆ ಜನರು ಬೈಯುವುದು ಸಿಮ್ ಕಂಪನಿಯನ್ನು. ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್, ಇರುವವರು ಇನ್ನೂ ಜಾಗರೂಕರಾಗಿರಬೇಕು. ರೀಸೆಟ್ ಮಾಡುವಾಗ ಇ-ಸಿಮ್ ಅಳಿಸಲೇ ಎಂದು ಫೋನ್ ಕೇಳುತ್ತದೆ. ಓದದೆ ಹೌದು ಒತ್ತಿದರೆ ಗುರುತಿನ ಚೀಟಿ ಹಿಡಿದುಕೊಂಡು ಕಂಪನಿಯ ಮಳಿಗೆಗೆ ಅಲೆಯಬೇಕಾದೀತು.

ಇನ್ನೊಂದು ಬಗೆಯ ಗಿರಾಕಿಗಳ ಮೇಲೆ ನನಗೆ ಕೋಪವಿಲ್ಲ, ಕನಿಕರವಿದೆ. ತೋರಣಗಲ್ಲಿನ ಎಂಜಿನಿಯರ್ ಒಬ್ಬರು ಅಮೆರಿಕದಿಂದ ತಮ್ಮ ಕಳಿಸಿದ ದುಬಾರಿ ಫೋನ್ ತಂದರು. ಯಾವ ಸಿಮ್ ಹಾಕಿದರೂ ಅನ್‌ಲಾಕ್ ಕೋಡ್ ಕೇಳುತ್ತಿತ್ತು. ಮೂಲ ಸಾಫ್ಟ್‌ವೇರ್ ಹಾಕಿಕೊಡಿ, ಸರಿಹೋಗುತ್ತದೆ ಎಂದರು. "ಸರ್, ಇದರಲ್ಲಿರುವುದು ಮೂಲ ಸಾಫ್ಟ್‌ವೇರೇ. ಬೀಗ ಹಾಕಿದ್ದು ಮಾರಿದ ಕಂಪನಿ, ಬೀಗದ ಕೈಯೂ ಅವರ ಹತ್ತಿರವೇ ಇದೆ. ನಿಮ್ಮ ತಮ್ಮ ಕಂತು ಪೂರ್ತಿ ಕಟ್ಟಿದ್ದರೆ ಅಲ್ಲಿಂದಲೇ ಕೇಳಿ ತೆಗೆಸಲಿ" ಎಂದೆ. ಬೂಟ್‌ಲೋಡರ್ ಬೀಗ ಬೇರೆ, ಸಿಮ್ ಬೀಗ ಬೇರೆ. ಒಂದನ್ನು ತೆಗೆದರೆ ಇನ್ನೊಂದು ತೆರೆಯುವುದಿಲ್ಲ. ಅವರು ನಂಬಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಹದಿನೈದು ದಿನದ ಮೇಲೆ ಅದೇ ಫೋನ್ ಮತ್ತೆ ನನ್ನ ಟೇಬಲ್ ಮೇಲಿತ್ತು. ಬೇರೆ ಯಾರೋ ಕೈಯಾಡಿಸಿದ್ದರು, ಈಗ ನೆಟ್‌ವರ್ಕೇ ಇರಲಿಲ್ಲ.

ಹುಡುಗನ ಫೋನಿಗೆ ಬರೋಣ. ಇಲ್ಲಿಂದ ಮುಂದೆ ನಾನು ಹೇಳುವುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಇದನ್ನೇ ಓದಿಕೊಂಡು ಮನೆಯಲ್ಲಿ ಶುರು ಮಾಡಬೇಡಿ. ಮೊದಲು *#06# ಒತ್ತಿ ಐಎಂಇಐ ಸಂಖ್ಯೆ ನೋಡಿ, ಡಬ್ಬಿಯ ಮೇಲಿನದಕ್ಕೆ ತಾಳೆ ಹಾಕಿ ಬರೆದಿಟ್ಟುಕೊಂಡೆ. ಮೀಡಿಯಾಟೆಕ್ ಚಿಪ್ ಇರುವ ಫೋನ್‌ಗಳಿಗೆ ಸಾಫ್ಟ್‌ವೇರ್ ಬರೆಯಲು ಬಳಸುವ ಎಸ್‌ಪಿ ಫ್ಲ್ಯಾಶ್ ಟೂಲ್‌ನಲ್ಲಿ "ಫಾರ್ಮ್ಯಾಟ್ ಆಲ್" ಎಂಬ ಆಯ್ಕೆಯಿದೆ. ಅದನ್ನು ಒತ್ತಿದರೆ ಐಎಂಇಐ ಇರುವ ಚಿಕ್ಕ ಖಾನೆಯೂ ಅಳಿಸಿ ಹೋಗುತ್ತದೆ. ಆಮೇಲೆ ಮೂಲ ಸಾಫ್ಟ್‌ವೇರ್ ಎಷ್ಟೇ ಶುದ್ಧವಾಗಿದ್ದರೂ ಸಿಮ್‌ಗೆ ಜೀವ ಬರುವುದಿಲ್ಲ. ಬೇರೆ ಸಂಖ್ಯೆ ಬರೆದುಕೊಡುತ್ತೇನೆ ಎನ್ನುವವರಿದ್ದಾರೆ, ಅದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಸಾಫ್ಟ್‌ವೇರ್ ಆರಿಸುವಾಗ ಫೋನಿನ ಹೆಸರು ಸಾಲದು, ಪೂರ್ತಿ ಮಾದರಿ ಸಂಖ್ಯೆ ಬೇಕು. ಕೊನೆಯ ಒಂದು ಅಕ್ಷರ ಬೇರೆಯಾದರೂ ಮೋಡೆಮ್ ಬೇರೆಯಾಗಿರಬಹುದು. ಹಳೆಯ ಆವೃತ್ತಿಯೇ ಚೆನ್ನಾಗಿತ್ತು ಎಂದು ಹಿಂದಕ್ಕೆ ಹೋಗುವ ಆಸೆಯೂ ಬೇಡ. ಸ್ಯಾಮ್‌ಸಂಗ್‌ನಲ್ಲಿ ಆವೃತ್ತಿ ಸಂಖ್ಯೆಯ ಕೊನೆಯಿಂದ ಐದನೆಯ ಅಕ್ಷರವನ್ನು ನೋಡುತ್ತೇವೆ. ಫೋನಿನಲ್ಲಿ ಈಗಿರುವುದಕ್ಕಿಂತ ಅದು ಕಡಿಮೆಯಿದ್ದರೆ ಫೋನ್ ಒಪ್ಪುವುದಿಲ್ಲ. 2018ರಲ್ಲಿ ರೆಡ್‌ಮಿ ನೋಟ್ 5 ಪ್ರೊ ಇದ್ದವರು ಹೀಗೆ ಹಿಂದಕ್ಕೆ ಹೋಗಲು ಹೋಗಿ ಫೋನನ್ನು ಇಟ್ಟಿಗೆ ಮಾಡಿಕೊಂಡಿದ್ದರು.

ಎಲ್ಲಕ್ಕಿಂತ ಹೆಚ್ಚು ಫೋನ್ ಸಾಯುವುದು ಬೀಗ ಹಾಕುವ ಅವಸರದಲ್ಲಿ. ಸಿಸ್ಟಮ್ ಇನ್ನೂ ಬೇರೆಯದೇ ಇರುವಾಗ ಬೂಟ್‌ಲೋಡರ್ ಲಾಕ್ ಮಾಡಿದರೆ, ಮುಂದಿನ ಸಲ ಏಳುವಾಗ ಫೋನ್ ಒಳಗಿರುವುದರ ಸಹಿ ಪರೀಕ್ಷಿಸಿ, ತನ್ನದಲ್ಲ ಎಂದು ಅಲ್ಲೇ ನಿಂತುಬಿಡುತ್ತದೆ. ಶಿಯೋಮಿ ಫೋನ್‌ಗಳಿಗೆ ಬಳಸುವ ಮಿ ಫ್ಲ್ಯಾಶ್ ಟೂಲ್‌ನಲ್ಲಿ ಎಲ್ಲ ಅಳಿಸಿ ಲಾಕ್ ಮಾಡುವ ಆಯ್ಕೆ ಕೆಳಗಡೆ ಮೂಲೆಯಲ್ಲಿರುತ್ತದೆ, ಗಮನಿಸದಿದ್ದರೆ ಅದೇ ನಡೆದುಹೋಗುತ್ತದೆ. ನಾನು ಮೊದಲು ಮೂಲ ಸಾಫ್ಟ್‌ವೇರ್ ಹಾಕಿ, ಫೋನ್ ಪೂರ್ತಿ ಏಳಲು ಬಿಟ್ಟು, ಸಿಮ್ ಹಾಕಿ ಕಾಲ್ ಮಾಡಿ ನೋಡಿದ ಮೇಲೆಯೇ ಲಾಕ್ ಮಾಡುವುದು. ಲಾಕ್ ಮಾಡಿದಾಗ ನಿಮ್ಮ ಖಾನೆ ಮತ್ತೊಮ್ಮೆ ಅಳಿಸಿ ಹೋಗುತ್ತದೆ ಎಂಬುದನ್ನೂ ಮೊದಲೇ ಹೇಳಿರುತ್ತೇನೆ.

ಫ್ಲ್ಯಾಶ್, ಅಂದರೆ ಮೂಲ ಸಾಫ್ಟ್‌ವೇರ್ ಬರೆಯುವ ಕೆಲಸ, ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಪಕ್ಕದ ಕುಡಿತಿನಿಯಲ್ಲಿ 1,700 ಮೆಗಾವ್ಯಾಟ್‌ನ ಸ್ಥಾವರ ಇಟ್ಟುಕೊಂಡೂ ನಮಗೆ ಇದು ತಪ್ಪಿಲ್ಲ. ತಂದೆ ಗಾಬರಿಯಿಂದ ಎದ್ದು ನಿಂತರು. ನಾನು ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್‌ಗೆ ಬಂದದ್ದೇ ಈ ಕಾರಣಕ್ಕೆ, ಕೂತಿರಿ ಎಂದೆ. ಫ್ಯಾನ್ ನಿಂತ ಅಂಗಡಿಯಲ್ಲಿ ಮೂವರೂ ಬೆವರುತ್ತಾ ಪರದೆಯ ಮೇಲಿನ ಹಸಿರು ಗೆರೆ ನೋಡುತ್ತಾ ಕುಳಿತೆವು. ಮೊದಲ ಸಲ ಏಳುವಾಗ ಫೋನ್ ಹತ್ತು ನಿಮಿಷವನ್ನೂ ತೆಗೆದುಕೊಂಡೀತು. ಆ ಹತ್ತು ನಿಮಿಷ ತಡೆಯಲಾರದೆ ಬ್ಯಾಟರಿ ಕಿತ್ತವರನ್ನೂ ನಾನು ಕಂಡಿದ್ದೇನೆ.

ಸಿಗ್ನಲ್ ಪಕ್ಕದಲ್ಲಿ ವೋಲ್ಟಿ ಗುರುತು ಮೂಡಿತು. ತಂದೆ ಮನೆಗೆ ಕಾಲ್ ಮಾಡಿ ಮೋಟಾರ್ ಆಫ್ ಮಾಡಿದಿರಾ ಎಂದು ಕೇಳಿದರು, ಆ ಕಡೆಯ ಉತ್ತರ ಕೌಂಟರ್‌ವರೆಗೂ ಕೇಳಿಸಿತು. ನಂತರ ಗ್ಯಾಲರಿ ತೆರೆದು ಬೆರಳಿನಿಂದ ಮೇಲೆ ಕೆಳಗೆ ಸರಿಸಿದರು. ಖಾಲಿ.

"ಇದರಲ್ಲಿ ನಮ್ಮ ಮಗಳ ಮದುವೆಯ ಫೋಟೋ ಇದ್ದವಲ್ಲ?"

ಅವು ಹೋದದ್ದು ನನ್ನ ಕೈಯಲ್ಲಲ್ಲ, ಮೊದಲನೆಯ ರೀಸೆಟ್‌ನಲ್ಲಿ. ಹುಡುಗ ನನ್ನ ಮುಖ ನೋಡಿದ. ನಾನು ಕೆಳಗೆ ಬಿದ್ದಿರದ ಸ್ಕ್ರೂ ಒಂದನ್ನು ಹುಡುಕಲು ಟೇಬಲ್ ಕೆಳಗೆ ಬಗ್ಗಿದೆ.