ಮೂಗಿನ ತೊಂದರೆ: ಎಷ್ಟು ದಿನ, ಯಾವ ಕಡೆ, ತುರಿಕೆ ಇದೆಯೇ?

ಬೆಂಗಳೂರಿನಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿಗೆ ಬರುವವರಲ್ಲಿ ಬಹಳ ಮಂದಿ ‘ಡಾಕ್ಟ್ರೇ, ನನಗೆ ಸೈನಸ್ ಇದೆ’ ಎಂದು ರೋಗನಿರ್ಣಯವನ್ನು ತಾವೇ ಮುಗಿಸಿಕೊಂಡು, ಹಳೆಯ ಸ್ಕ್ಯಾನಿನ ಕವರನ್ನೂ ಮೇಜಿನ ಮೇಲಿಡುತ್ತಾರೆ. ಆ ಕವರನ್ನು ಬಿಚ್ಚುವ ಮೊದಲು ನಾನು ತಿಳಿಯಬಯಸುವುದು ಮೂರು ಸಂಗತಿ: ತೊಂದರೆ ಶುರುವಾಗಿ ಎಷ್ಟು ದಿನವಾಯಿತು, ಅದು ಒಂದೇ ಹೊಳ್ಳೆಯಲ್ಲೋ ಎರಡರಲ್ಲೂ ಇದೆಯೋ, ಮೂಗು ಕಣ್ಣುಗಳಲ್ಲಿ ತುರಿಕೆ ಇದೆಯೋ ಇಲ್ಲವೋ. ಸಾಮಾನ್ಯ ನೆಗಡಿಯಲ್ಲಿಯೂ ಸಿ.ಟಿ. ಸ್ಕ್ಯಾನಿನಲ್ಲಿ ಸೈನಸ್‌ಗಳು, ಅಂದರೆ ಮೂಗಿನ ಸುತ್ತಲ ಎಲುಬುಗಳೊಳಗಿನ ಗಾಳಿಗೂಡುಗಳು, ಮಸುಕಾಗಿಯೇ ಕಾಣುವುದರಿಂದ, ನೆಗಡಿಯಿದ್ದ ವಾರದಲ್ಲಿ ತೆಗೆಸಿದ ಚಿತ್ರದಿಂದ ತಿಳಿಯುವುದು ಅಷ್ಟರಲ್ಲೇ ಇದೆ.

ವೈರಸ್‌ನಿಂದ ಬಂದ ನೆಗಡಿ ಎರಡು ಮೂರು ದಿನಗಳಲ್ಲಿ ಏರಿ, ಸಾಮಾನ್ಯವಾಗಿ 7ರಿಂದ 10 ದಿನಗಳೊಳಗೆ ಇಳಿಯುತ್ತದೆ. ಈ ನಡುವೆ ಸಿಂಬಳ ಗಟ್ಟಿಯಾಗಿ ಹಳದಿಗೋ ಹಸಿರಿಗೋ ತಿರುಗಿದರೆ ಮನೆಯವರು ಗಾಬರಿಯಾಗಿ ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ತರುತ್ತಾರೆ. ಆದರೆ ಆ ಬಣ್ಣ ಬರುವುದು ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಿಂದ, ಅದೊಂದೇ ಬ್ಯಾಕ್ಟೀರಿಯಾದ ಗುರುತಲ್ಲ. ಬ್ಯಾಕ್ಟೀರಿಯಾದ ಸೈನಸೈಟಿಸ್ (ಸೈನಸ್‌ಗಳ ಉರಿಯೂತ) ಎಂದು ಸಂಶಯಪಡಬೇಕಾದದ್ದು 10 ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದಾಗ, ಗುಣವಾಗುತ್ತಾ ಬಂದದ್ದು ಮತ್ತೆ ಜ್ವರ, ಕೆನ್ನೆನೋವುಗಳೊಡನೆ ಮರುಕಳಿಸಿದಾಗ, ಇಲ್ಲವೇ ಆರಂಭದಿಂದಲೇ 102 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಕೀವು, ಮುಖದ ನೋವು ಸತತ ಮೂರು ನಾಲ್ಕು ದಿನ ಇದ್ದಾಗ. ಉಳಿದವರಿಗೆ ವಿಶ್ರಾಂತಿ, ಬಿಸಿಬಿಸಿ ಸಾರು, ಪ್ಯಾರಾಸಿಟಮಾಲ್ ಸಾಕು. ಹಬೆಯಿಂದ ಕ್ಷಣಕಾಲ ಹಾಯೆನಿಸಬಹುದಾದರೂ ರೋಗದ ಅವಧಿಯೇನೂ ಕಡಿಮೆಯಾಗದು. ಪಾತ್ರೆ ಮಗುಚಿ ಮಕ್ಕಳ ತೊಡೆ ಸುಡುವ ಅಪಾಯವನ್ನು ನೆನೆದರೆ, ಚಿಕ್ಕವರಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಅಲರ್ಜಿಯ ಚಹರೆ ಬೇರೆ. ಜ್ವರವಿಲ್ಲ, ಬೆಳಿಗ್ಗೆ ಎದ್ದೊಡನೆ ಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಮೂಗು ಕಣ್ಣುಗಳ ತುರಿಕೆ. ತುರಿಕೆ ತಾಳಲಾರದೆ ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿ ಉಜ್ಜಿ, ಮೂಗಿನ ಮೇಲೆ ಅಡ್ಡಗೆರೆಯೇ ಮೂಡಿರುವ ಮಕ್ಕಳು ಒಳಗೆ ಬಂದಾಗ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ನಮ್ಮ ನಗರದಲ್ಲಿ ಇದರ ಅಪವಾದ ಪ್ರತಿ ವರ್ಷ ತಬೇಬುಯಾ ಹೂವಿನ ತಲೆಗೆ ಬೀಳುತ್ತದೆ. ಕೀಟಗಳು ಪರಾಗಸ್ಪರ್ಶ ಮಾಡುವ ಇಂಥ ಹೂಗಳ ಅಂಟುಪರಾಗ ಗಾಳಿಯಲ್ಲಿ ಹೆಚ್ಚು ಹಾರುವುದಿಲ್ಲ. ಹುಲ್ಲುಗಳು, ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಹಾಸಿಗೆ ದಿಂಬುಗಳಲ್ಲಿರುವ ಕಣ್ಣಿಗೆ ಕಾಣದ ದೂಳುಹುಳು, ಜಿರಳೆ, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು ಇವೇ ಹೆಚ್ಚು ಕಾಡುವಂಥವು. ಹಾಸಿಗೆ ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯುವುದು, ಒಣಗುಡಿಸುವ ಬದಲು ಒದ್ದೆಬಟ್ಟೆಯಲ್ಲಿ ಒರೆಸುವುದು ಮಾಡಬಹುದಾದ ಕೆಲಸಗಳು.

ಪದೇ ಪದೇ ಕಾಡುವ ಅಲರ್ಜಿಗೆ ನಾವು ಮುಖ್ಯವಾಗಿ ಬರೆಯುವುದು ಸ್ಟೀರಾಯ್ಡ್ ಮೂಗಿನ ಸ್ಪ್ರೇಯನ್ನು. ‘ಹಾಕಿದೆ, ಏನೂ ಆಗಲಿಲ್ಲ’ ಎನ್ನುವವರಿಗೆ ನನ್ನೆದುರೇ ಹಾಕಿ ತೋರಿಸಲು ಹೇಳುತ್ತೇನೆ. ಹೆಚ್ಚಿನವರು ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗಿನ ನಡುಗೋಡೆಗೆ ಗುರಿಯಿಟ್ಟು, ಜೋರಾಗಿ ಸೊರಕ್ಕನೆ ಎಳೆದುಕೊಳ್ಳುತ್ತಾರೆ; ಔಷಧ ನೇರವಾಗಿ ಗಂಟಲಿಗಿಳಿಯುತ್ತದೆ, ನಡುಗೋಡೆ ಒಣಗಿ ರಕ್ತ ಬರುತ್ತದೆ. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದಲೂ ಎಡ ಹೊಳ್ಳೆಗೆ ಬಲಗೈಯಿಂದಲೂ ಹಿಡಿದು, ತುದಿಯನ್ನು ಅದೇ ಕಡೆಯ ಕಿವಿಯತ್ತ ಓರೆಮಾಡಿ, ಮೆಲ್ಲಗೆ ಉಸಿರೆಳೆಯಬೇಕು. ಪೂರ್ಣ ಪರಿಣಾಮಕ್ಕೆ ಒಂದೆರಡು ವಾರ ಹಿಡಿಯುವುದರಿಂದ ಮೂರನೆಯ ದಿನಕ್ಕೇ ಬಾಟಲಿಯನ್ನು ಮೂಲೆಗಿಡಬಾರದು. ಇದಕ್ಕೆ ವಿರುದ್ಧವಾಗಿ, ಕ್ಸೈಲೋಮೆಟಾಜೊಲಿನ್ ಅಥವಾ ಆಕ್ಸಿಮೆಟಾಜೊಲಿನ್ ಇರುವ ಡ್ರಾಪ್ಸ್ ನಿಮಿಷಗಳಲ್ಲಿ ಮೂಗು ತೆರೆಯುತ್ತವೆ, ಮೂರರಿಂದ ಐದು ದಿನ ಮೀರಿ ಬಳಸಿದರೆ ಅವುಗಳೇ ಮೂಗನ್ನು ಕಟ್ಟಿಸುತ್ತವೆ. ವರ್ಷಗಟ್ಟಲೆ ಆ ಬಾಟಲಿಯನ್ನು ದಿಂಬಿನಡಿ ಇಟ್ಟು ಮಲಗುವವರಿದ್ದಾರೆ. ಉಪ್ಪುನೀರಿನಿಂದ ಮೂಗು ತೊಳೆಯುವುದು ಅಲರ್ಜಿಗೂ ಸೈನಸೈಟಿಸ್‌ಗೂ ಒಳ್ಳೆಯದೇ. ಆದರೆ ಕಾವೇರಿ ನೀರಾಗಲಿ ಬೋರ್‌ವೆಲ್ ನೀರಾಗಲಿ, ಕುದಿಸಿ ಆರಿಸದೆ ಮೂಗಿಗೆ ಹಾಕಬಾರದು, ಏಕೆಂದರೆ ಮಿದುಳಿಗೆ ನುಗ್ಗುವ ಅಪರೂಪದ ಅಮೀಬಾ ಆ ದಾರಿಯಿಂದಲೇ ಬರುತ್ತದೆ.

ಸೋರಿಕೆಯೂ ಇಲ್ಲದೆ, ಮೂಗೂ ಕಟ್ಟದೆ ಹಣೆ, ಹುಬ್ಬು ಮಾತ್ರ ನೋಯುತ್ತಿದ್ದು, ಬೆಳಕು ಸಹಿಸದೆ, ವಾಕರಿಕೆ ಬಂದು, ಕತ್ತಲ ಕೋಣೆಯಲ್ಲಿ ಮಲಗಬೇಕೆನಿಸಿದರೆ ಅದು ಬಹುಮಟ್ಟಿಗೆ ಮೈಗ್ರೇನ್. ಮೈಗ್ರೇನ್ ಬಂದಾಗ ಮೂಗಿನಲ್ಲಿ ತುಸು ನೀರು ಬರುವುದೂ ಉಂಟಾದ್ದರಿಂದ ಗೊಂದಲ ಸಹಜ, ಆದರೆ ಸೈನಸ್ ಚಿಕಿತ್ಸೆಯಿಂದ ಅದು ಗುಣವಾಗದು.

ಮೂಗು ಕಟ್ಟಿ, ವಾಸನೆ ತಿಳಿಯದೆ 12 ವಾರ ದಾಟಿದರೆ ದೀರ್ಘಕಾಲದ ಸೈನಸೈಟಿಸ್ ಅಥವಾ ಪಾಲಿಪ್ (ಒಳಪೊರೆ ಊದಿ ಬೆಳೆದ ಮೆತ್ತನೆಯ ಗಂಟು) ಇದೆಯೇ ಎಂದು ಎಂಡೋಸ್ಕೋಪಿಯಿಂದ, ಅಂದರೆ ಕ್ಯಾಮೆರಾ ಇರುವ ತೆಳು ನಳಿಕೆಯಿಂದ, ನೋಡಬೇಕಾಗುತ್ತದೆ. ನಡುಗೋಡೆ ಸೊಟ್ಟಗಿದೆ ಎಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಅಂಥ ಮೂಗಿದ್ದೂ ಯಾವ ತೊಂದರೆಯಿಲ್ಲದವರು ಬಹಳ.

ಒಂದೇ ಕಡೆಯ ತೊಂದರೆಯನ್ನು ಮಾತ್ರ ಕಾದು ನೋಡಬಾರದು. ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು ಬರುತ್ತಿದ್ದರೆ ಒಳಗೆ ಬಟಾಣಿಯೋ ಮಣಿಯೋ ಸಿಕ್ಕಿಕೊಂಡಿರುವುದೇ ಹೆಚ್ಚು. ಬಟನ್ ಬ್ಯಾಟರಿಯಾದರೆ ಗಂಟೆಗಳಲ್ಲೇ ಒಳಗಿನ ಪೊರೆಯನ್ನು ಸುಡುತ್ತದೆ. ದೊಡ್ಡವರಲ್ಲಿ ಮೇಲ್ದವಡೆಯ ಹಲ್ಲಿನ ಸೋಂಕಿನಿಂದ ಹಿಡಿದು ಗೆಡ್ಡೆಯವರೆಗೆ ಕಾರಣಗಳಿವೆ. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ತೀವ್ರ ತಲೆನೋವಿನೊಡನೆ ಮಂಪರು, ಇಲ್ಲವೇ ಸಕ್ಕರೆ ಹತೋಟಿಯಲ್ಲಿಲ್ಲದ ಮಧುಮೇಹಿಯ ಮುಖದ ನೋವು ಮತ್ತು ಕಪ್ಪು ಸ್ರಾವ, 2021ರಲ್ಲಿ ಕೋವಿಡ್ ಬೆನ್ನಲ್ಲೇ ಕಪ್ಪು ಶಿಲೀಂಧ್ರವಾಗಿ ನಾವು ಕಂಡಂಥದ್ದು, ಕಂಡುಬಂದರೆ ಮರುದಿನದ ಅಪಾಯಿಂಟ್‌ಮೆಂಟಿಗೆ ಕಾಯದೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.